ಅಳೆದು ಸುರಿದು

ಕರಡಿನ ಮೊದಲ ಸಾಲು ನನ್ನದೇ:
'ಹೊಳೆಯನ್ನು ಮೂಲಸ್ಥಿತಿಗೆ ಮರಳಿಸುವುದು.'
ಓದಿ ಉಸಿರೆಳೆಯುವ ಮೊದಲೇ
ಲವ್‌ಡೇ ಟ್ರೆಗಿಯರ್ ಹೆಣಿಗೆ ಕಡ್ಡಿ ಕೆಳಗಿಟ್ಟಳು:
'ಯಾವ ಮೂಲ, ಮಗಳೇ?'

ಕಾರ್ನ್‌ವಾಲಿನ ಈ ಹಳ್ಳಿಯಲ್ಲಿ ಸಭೆಯೆಂದರೆ
ಚಾಪೆಲ್ಲಿನ ಹಿಂಬದಿ ಕೋಣೆ,
ಹದಿನೇಳು ಮಡಚು ಕುರ್ಚಿ, ಕೇಸರಿ ಬನ್ನು, ಆರಿದ ಚಹಾ.
ಕಿಟಕಿಯಾಚೆ ಎಂಜಿನ್ ಮನೆಯ ಒಂಟಿ ಚಿಮಣಿ,
ಅದರ ಬುಡದಲ್ಲಿ
ಕಾವಿ ಕದಡಿದಂತೆ ಹೊಳೆ.

ಗಣಿ ನಿಂತು ಮೂವತ್ತು ವರ್ಷ ದಾಟಿದೆ.
ಪಂಪು ಬಾಯಿ ಮುಚ್ಚಿದ ದಿನದಿಂದ
ಕತ್ತಲಲ್ಲಿ ನೀರು ಏರಿತು, ಮಜಲು ಮಜಲಾಗಿ,
ಯಾರ ನಿದ್ದೆಯನ್ನೂ ಕೆಡಿಸದೆ;
ಒಂದು ಬೆಳಗ್ಗೆ ಸುರಂಗದ ಬಾಯಲ್ಲಿ ನಿಂತಿತ್ತು,
ಹಳೆ ಬಾಕಿ ಕೇಳಲು ಬಂದವರ ಹಾಗೆ.

ಅಜ್ಜನ ಕಾಲಕ್ಕೂ ಕೆಂಪೇ, ಅನ್ನುತ್ತಾಳೆ ಲವ್‌ಡೇ.
ಅಜ್ಜನ ಅಜ್ಜನ ಕಾಲಕ್ಕೂ. ಯಾರೂ ಇದರಲ್ಲಿ
ಬಿಳಿ ಬಟ್ಟೆ ಒಗೆದವರಲ್ಲ.
ನನ್ನ ಕೊಳವೆಬಾವಿಗಳೂ ಅದನ್ನೇ ಹೇಳುತ್ತವೆ:
ಗುದ್ದಲಿ ಮುಟ್ಟುವ ಮೊದಲೇ ಅದಿರಿನ ಎಳೆಗಳಿಂದ
ತಾಮ್ರ ತಾನಾಗಿ ಜಿನುಗುತ್ತಿತ್ತು.
ಹುಟ್ಟಿದಾಗಲೇ ಗಂಗೆಯಲ್ಲದ ಹೊಳೆ.
ಇಲ್ಲದ ಮಡಿಯನ್ನು
ಯಾವ ಗುತ್ತಿಗೆದಾರ ಮರಳಿಸಿಯಾನು?

ಮೊದಲ ಸಾಲು ಹೊಡೆದು ಹಾಕಿದೆ.

ಆಮೇಲೆ ಶುರುವಾಯಿತು ಅಳೆದು ಸುರಿಯುವ ಕೆಲಸ.
ಗಾಳಗಾರ ಡೆನ್ಜಿಲ್ ಹಾಸ್ಕಿಂಗನಿಗೆ
ಸುರಂಗದ ಬಾಯವರೆಗೂ ಟ್ರೌಟ್ ಬೇಕು.
ಶಾಲೆಯ ಮೇಡಮ್ಮಿಗೆ ದಿಬ್ಬದ ಪಾಚಿ ಬೇಕು,
ತಾಮ್ರ ಉಂಡೇ ಬದುಕುವ ಬೆರಳುಗುರಿನಷ್ಟು ಹಸಿರು,
ಮಣ್ಣು ಶುದ್ಧವಾದರೆ ಅದು ಸಾಯುತ್ತದಂತೆ.
ಸುರಂಗದಲ್ಲಿ ನಲವತ್ತು ಬಾವಲಿ;
ಕಾಂಕ್ರೀಟು ಬೇಡ, ಸರಳಿನ ಬಾಗಿಲು ಹಾಕಿ.
ಕೌನ್ಸಿಲ್ಲಿನವನಿಗೆ ಬೇಕಾದ್ದು ಒಂದೇ,
ಮುಗಿಯುವ ತಾರೀಕು.

ಮುಗಿಯುವುದಿಲ್ಲ ಅಂದೆ.
ಸುಣ್ಣ ಸುರಿಯಬೇಕು, ಕೆಸರು ಬಾಚಬೇಕು,
ಮತ್ತೆ ಸುಣ್ಣ ಸುರಿಯಬೇಕು.
'ಎಷ್ಟು ಕಾಲ?' ಶಾಶ್ವತವಾಗಿ.
ಅವನು ಕೋಷ್ಟಕ ನೋಡಿ ಹೇಳಿದ,
ಬಜೆಟ್ಟಿನಲ್ಲಿ ಶಾಶ್ವತವೆಂದರೆ ನೂರು ವರ್ಷ.
ಯಾರೂ ನಗಲಿಲ್ಲ. ಬನ್ನಿನ ತಟ್ಟೆ ಇನ್ನೊಂದು ಸುತ್ತು ಬಂತು.

ನಾನು ಹುಟ್ಟಿದ್ದು ಕೋಲಾರದ ಗಣಿಯೂರಲ್ಲಿ.
ಇವರ ಮುತ್ತಜ್ಜಂದಿರಲ್ಲಿ ಕೆಲವರು
ಹಡಗು ಹತ್ತಿ ಬಂದು ಇಳಿದ ಬಾವಿಗಳ ಊರು.
ಆಷಾಢದ ಗಾಳಿ ಸಯನೈಡ್ ದಿಬ್ಬದ ಮೇಲೆ ಬೀಸಿದರೆ
ಬಿಳಿ ಹುಡಿ ಹೊಸಿಲು ದಾಟಿ ಬರುತ್ತಿತ್ತು.
ಅಮ್ಮ ತಟ್ಟೆಗಳನ್ನು ಬೋರಲು ಹಾಕಿಡುತ್ತಿದ್ದಳು
ಬಡಿಸುವ ಗಳಿಗೆಯವರೆಗೆ.
ದಿಬ್ಬ ಕರಗಲಿ ಎಂದು ಅವಳೆಂದೂ ಹರಕೆ ಹೊತ್ತವಳಲ್ಲ.
ಅನ್ನದಲ್ಲಿ ಹುಡಿ ಇರಬಾರದು,
ಅಷ್ಟೇ ಅವಳ ಕರಡು.
ಗಾಳಿ ಗೆದ್ದ ದಿನಗಳೂ ಇದ್ದವು.

ನೀರೊಳಗೆ ಮೀನಿನ ಹೆಜ್ಜೆ ಕಂಡವರಿಲ್ಲ ಎನ್ನುತ್ತಾರೆ ನಮ್ಮ ಕಡೆ.
ನನಗೆ ಸಂಬಳ ಕೊಡುವುದು ಅದನ್ನು ಕಾಣಲಿಕ್ಕೆ:
ಲೀಟರಿಗೆ ಎಷ್ಟು ಸತುವಿದ್ದರೆ ಮರಿ ಸಾಯುತ್ತದೆ,
ಎಷ್ಟಿದ್ದರೆ ಬರೀ ಬೆಳೆಯುವುದಿಲ್ಲ,
ಯಾವ ತಿರುವಿನಲ್ಲಿ ತಾಯಿಮೀನು ಮುಖ ತಿರುಗಿಸುತ್ತದೆ.

ರಾತ್ರಿ ಒಂಬತ್ತೂವರೆಗೆ ಉಳಿದದ್ದು ಇಷ್ಟು:
ಕೆಳಸೇತುವೆಯವರೆಗೆ ಟ್ರೌಟ್.
ಅದರ ಮೇಲೆ, ಕೆಂಪು.
ದಿಬ್ಬದ ಅರ್ಧಕ್ಕೆ ಮಣ್ಣು, ಅರ್ಧ ಪಾಚಿಗೆ.
ಮಕ್ಕಳು ಇಳಿಯದಂತೆ ಬೇಲಿ.
ಡೆನ್ಜಿಲ್ ಸಹಿ ಹಾಕಿದ, ಪೆನ್ನನ್ನು ಒತ್ತಿ ಒತ್ತಿ,
ಕಾಗದ ಹರಿಯುವಷ್ಟು.

ಹೊರಗೆ ಸೋನೆ. ಲವ್‌ಡೇ ನನ್ನ ತೋಳು ಹಿಡಿದಳು.
'ಕೆಳಸೇತುವೆ ಅಂದರೆ ಇದೋ, ಗಿರಣಿಯ ಹತ್ತಿರದ್ದೋ?'
ಗಿರಣಿಯದು, ಅಂದೆ.
ಎಂಬತ್ತಾರರ ಮೊಣಕಾಲು
ಕತ್ತಲಲ್ಲೇ ಲೆಕ್ಕ ಹಾಕಿತು.
'ಸರಿ,' ಅಂದಳು,
'ಅಲ್ಲಿವರೆಗೆ ನಡೆದೇನು.'